ದೋಣಿ ದೊಡ್ಡದಾದಾಗ

ಹಾಸನ ಜಿಲ್ಲೆಯವನೊಬ್ಬ ಮೀನಿನ ದೋಣಿಯ ಬಗ್ಗೆ ಬರೆಯಲು ಕುಳಿತರೆ ಕರಾವಳಿಯ ಓದುಗರಿಗೆ ನಗು ಬಂದೀತು. ನಮ್ಮದು ರಾಗಿ, ಆಲೂಗಡ್ಡೆ, ತೆಂಗಿನ ಸೀಮೆ. ಸಮುದ್ರ ನೋಡಬೇಕೆಂದರೆ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯಬೇಕು. ಆದರೆ ಹೊಳೆನರಸೀಪುರದ ಹೆಸರಿನಲ್ಲೇ ಹೊಳೆ ಇದೆ. ಹೊಳೆ ಇದ್ದಲ್ಲಿ ಮೀನು, ಮೀನು ಇದ್ದಲ್ಲಿ ದೋಣಿ. ದೋಣಿ ಇದ್ದ ಮೇಲೆ ಅದನ್ನು ಇನ್ನೊಂದಿಷ್ಟು ದೊಡ್ಡದು ಮಾಡಿಕೊಳ್ಳಬೇಕೆಂಬ ಆಸೆಯೂ ಇದ್ದೇ ಇರುತ್ತದೆ.

ನನ್ನ ಅಬ್ಬಾ ಮೀನು ಮಾರುತ್ತಿದ್ದರು. ನಮ್ಮ ಪಕ್ಕದ ಹರದನಹಳ್ಳಿಯ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು 1996ರ ಜೂನ್ ತಿಂಗಳಲ್ಲಿ, ಆ ಊರಲ್ಲಿ ಹುಟ್ಟಿದ ದೇವೇಗೌಡರು ಪ್ರಧಾನಿಯಾದಾಗ. ನಮ್ಮ ಮನೆಯಲ್ಲಿ ಮಾತ್ರ ಆ ಹೆಸರು ಅದಕ್ಕೂ ಎಷ್ಟೋ ಮುಂಚೆ ದಿನಬಿಟ್ಟು ದಿನ ಕೇಳುತ್ತಿತ್ತು. ಅಬ್ಬಾ ಸೈಕಲ್ಲಿನ ಹಿಂದೆ ಮೀನಿನ ಬುಟ್ಟಿ ಕಟ್ಟಿಕೊಂಡು ಹೋಗುತ್ತಿದ್ದ ಹಳ್ಳಿಗಳ ಸಾಲಿನಲ್ಲಿ ಹರದನಹಳ್ಳಿಯೂ ಒಂದು. ಸುಗ್ಗಿಯ ಕಾಲದಲ್ಲಿ ಮೀನು ಕೊಟ್ಟು ರಾಗಿ ಅಳೆಸಿಕೊಂಡು ಬರುತ್ತಿದ್ದರು. ಅಮ್ಮಿ ಆ ರಾಗಿಯನ್ನು ಬಿಸಿಲಿಗೆ ಹರಡಿದರೂ ಅದರ ಮೀನಿನ ವಾಸನೆ ಎರಡು ದಿನ ಬಿಡುತ್ತಿರಲಿಲ್ಲ.

ಮೀನು ಬರುತ್ತಿದ್ದುದು ಗೊರೂರಿನ ಹಿನ್ನೀರಿನಿಂದ. ಹೇಮಾವತಿಗೆ ಅಲ್ಲಿ ಕಟ್ಟೆ ಎದ್ದದ್ದು 1979ರಲ್ಲಿ. ಸುಮಾರು 37 ಟಿಎಂಸಿ ನೀರು ಹಿಡಿಯುವ, ತುಂಬಿದಾಗ 8,500 ಹೆಕ್ಟೇರಿನಷ್ಟು ಹರಡುವ ಜಲಾಶಯ. ಊರುಗಳು ಮುಳುಗಿದವು, ಗದ್ದೆಗಳು ಮುಳುಗಿದವು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ಇಗರ್ಜಿ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮೈಯೆಲ್ಲ ತೋರಿಸುತ್ತ ನಿಂತಿತು. ಈಗ ಅದನ್ನು ನೋಡಲು ಬೆಂಗಳೂರಿನಿಂದ ಜನ ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಈಚಿನ ಮಳೆಗಾಲಗಳಲ್ಲಿ ಅದರ ಗೋಡೆಯ ಭಾಗಗಳು ಕುಸಿದಿವೆ. ಅದೇ ನೀರಿನಲ್ಲಿ ಬೆಳಗಿನ ಜಾವ ಬಲೆ ಎತ್ತುವವರ ಫೋಟೋ ತೆಗೆದವರು ಕಡಿಮೆ.

ಅಬ್ಬಾನಿಗೆ ಮೀನು ಕೊಡುತ್ತಿದ್ದುದು ಒಂದು ಬೆಸ್ತರ ಮನೆ. ಕಟ್ಟೆ ಏಳುವ ಮೊದಲು ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದವರು ಕಟ್ಟೆ ಎದ್ದ ಮೇಲೆ ಹಿನ್ನೀರಿನ ದಡಕ್ಕೆ ಹೋಗಿ ನೆಲೆಸಿದರು. ಗಂಡ ಹೆಂಡತಿ ಇಬ್ಬರೂ ಒಂದೇ ಹರಿಗೋಲಿನಲ್ಲಿ. ಅವನನ್ನು ನಾನು ಅಣ್ಣ ಎನ್ನುತ್ತಿದ್ದೆ, ಅವಳನ್ನು ಅಕ್ಕ. ಅವಳು ನನಗಿಂತ ಹೆಚ್ಚೆಂದರೆ ಹದಿನೈದು ವರ್ಷ ದೊಡ್ಡವಳು. ಬೆಳಗಿನ ಮೊದಲ ಬಸ್ಸಿನ ಮೇಲೆ ಅವರ ಬುಟ್ಟಿ ಬರುತ್ತಿತ್ತು. ಅಬ್ಬಾ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಕೊಂಡು, ಲೆಕ್ಕವನ್ನು ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಬರೆದಿಡುತ್ತಿದ್ದರು. ಅಕ್ಕ ಅದೇ ಲೆಕ್ಕವನ್ನು ಬಾಗಿಲ ಹಿಂದೆ ಇದ್ದಿಲಿನಲ್ಲಿ ಗೀಟು ಎಳೆದು ಇಟ್ಟಿರುತ್ತಿದ್ದಳು. ತಿಂಗಳ ಕೊನೆಯಲ್ಲಿ ಎರಡೂ ಲೆಕ್ಕ ತಾಳೆಯಾಗುತ್ತಿದ್ದವು. ತಾಳೆಯಾಗದಿದ್ದಾಗ ಅಬ್ಬಾ ಗೀಟನ್ನೇ ನಂಬುತ್ತಿದ್ದರು.

ಹರಿಗೋಲು ನೋಡದವರಿಗೆ ಎರಡು ಮಾತು ಹೇಳಬೇಕು. ನಮ್ಮ ಕಡೆ ತೆಪ್ಪ ಅಂತಲೂ ಅನ್ನುತ್ತಾರೆ. ಬಿದಿರಿನ ದಬ್ಬೆ ಸೀಳಿ, ದೊಡ್ಡ ತಟ್ಟೆಯ ಹಾಗೆ ದುಂಡಗೆ ಹೆಣೆದು, ಹೊರಗಡೆ ಹಿಂದೆಲ್ಲ ತೊಗಲು ಹೊದಿಸುತ್ತಿದ್ದರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ತುಂಗಭದ್ರೆಯಲ್ಲಿ ಇಂಥದ್ದನ್ನೇ ಕಂಡು, ಒಂದರಲ್ಲಿ ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆಂದು ಬರೆದಿಟ್ಟಿದ್ದಾನೆ. ಐನೂರು ವರ್ಷದಲ್ಲಿ ಬದಲಾದದ್ದು ಹೊದಿಕೆ ಮಾತ್ರ. ತೊಗಲು ಹೋಗಿ ಗೊಬ್ಬರದ ಚೀಲದ ಪ್ಲಾಸ್ಟಿಕ್ ಬಂತು, ಅದರ ಮೇಲೆ ಡಾಂಬರು. ಮೀನು ಹಿಡಿಯುವ ಹರಿಗೋಲು ಚಿಕ್ಕದು, ಇಬ್ಬರಿಗೆ ಸಾಕು. ಕೆಲಸ ಮುಗಿದ ಮೇಲೆ ಒಬ್ಬನೇ ಬೆನ್ನ ಮೇಲೆ ಕವಿಚಿಕೊಂಡು ಆಮೆಯ ಹಾಗೆ ಮನೆಗೆ ನಡೆಯಬಹುದು.

ಆ ಇಬ್ಬರಲ್ಲಿ ಯಾರ ಕೆಲಸ ದೊಡ್ಡದು? ದಡದಲ್ಲಿ ನಿಂತು ನೋಡುವವರು ಬಲೆ ಹಾಕುವವನದ್ದು ಎನ್ನುತ್ತಾರೆ. ದುಂಡಗಿನ ದೋಣಿಗೆ ಮುಂದಿಲ್ಲ, ಹಿಂದಿಲ್ಲ. ಹುಟ್ಟು ಎಡಕ್ಕೆ ಹಾಕಿದರೆ ಬಲಕ್ಕೆ ತಿರುಗುತ್ತದೆ, ಬಲಕ್ಕೆ ಹಾಕಿದರೆ ಎಡಕ್ಕೆ. ಸುಮ್ಮನಿದ್ದರೆ ಬುಗುರಿಯ ಹಾಗೆ ಸುತ್ತುತ್ತದೆ. ಹುಟ್ಟು ಹಾಕುವವರು ಮುಂದೆ ಕುಳಿತು, ನೀರನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತ, ಅಂಚಿಗೆ ಬಾಗಿ ಬಲೆ ಎತ್ತುವವನ ಭಾರಕ್ಕೆ ತಮ್ಮ ಭಾರವನ್ನು ಸರಿದೂಗಿಸುತ್ತ ಇರಬೇಕು. ಅವನು ಒಂದು ಗೇಣು ಬಾಗಿದರೆ ಇವಳು ಒಂದು ಗೇಣು ಹಿಂದೆ ಸರಿಯಬೇಕು. ಅಕ್ಕ ಇದನ್ನು ಯಾವತ್ತೂ ವಿವರಿಸಿದವಳಲ್ಲ. ಎಲೆ ಅಡಿಕೆ ಜಗಿಯುತ್ತ ಮಾಡುತ್ತಿದ್ದಳು. ರಜೆಯಲ್ಲಿ ಒಂದೆರಡು ಸಲ ಆ ಹರಿಗೋಲಿನಲ್ಲಿ ಕುಳಿತಿದ್ದೇನೆ. ನನಗೆ ಹೇಳಿದ್ದು ಒಂದೇ ಮಾತು: "ಅಳ್ಳಾಡ್ಬೇಡ ಕಣಪ್ಪ, ನೀನು ಮೂಟೆ ಅಂದ್ಕೊ."

ನಾಲ್ಕನೇ ಇಯತ್ತೆಯವರೆಗೆ ನಾನು ಓದಿದ್ದು ಉರ್ದು ಶಾಲೆಯಲ್ಲಿ. ಅಲ್ಲಿ ಕಲಿತ ಒಂದು ಪದ ನಾಖುದಾ. ನಾವ್ ಎಂದರೆ ನೌಕೆ, ಖುದಾ ಎಂದರೆ ಒಡೆಯ. ಹಡಗಿನ ಒಡೆಯನೂ ಅವನೇ, ನಡೆಸುವವನೂ ಅವನೇ. ಆಮೇಲೆ ಕನ್ನಡ ಶಾಲೆಗೆ ಬಂದಾಗ ಇದಕ್ಕೆ ಸರಿಯಾದ ಕನ್ನಡ ಪದ ಹುಡುಕಿದ್ದೆ. ನಾವಿಕ ಎಂದರು ಮೇಷ್ಟ್ರು, ಅಂಬಿಗ ಎಂದರು. ಎರಡರಲ್ಲೂ ಒಡೆತನ ಇಲ್ಲ. ಒಡೆಯನೂ ನಡೆಸುವವನೂ ಬೇರೆಬೇರೆಯಾಗುವುದು ದೋಣಿ ದೊಡ್ಡದಾದಾಗಲೇ ಎಂಬುದು ಹೊಳೆಯಲು ನಾನು ಮಂಗಳೂರಿನ ದಕ್ಕೆ ನೋಡಬೇಕಾಯಿತು.

ಅಲ್ಲಿಗೆ ಕರೆದುಕೊಂಡು ಹೋದವರೂ ಅಬ್ಬಾನೇ. ತೊಂಬತ್ತರ ದಶಕದಲ್ಲಿ ನಮ್ಮ ಕಡೆಗೆ ಘಾಟಿ ಹತ್ತಿ ಬರುವ ಮೀನಿನ ಲಾರಿಗಳು ಹೆಚ್ಚಾದವು. ಮಂಜುಗಡ್ಡೆಯಲ್ಲಿ ಮುಳುಗಿದ ಭೂತಾಯಿ, ಬಂಗುಡೆ ಹಿನ್ನೀರಿನ ಕಾಟ್ಲಾ ರೋಹುಗಿಂತ ಅಗ್ಗ. ಅಬ್ಬಾ ಸೈಕಲ್ ಬಿಟ್ಟು ಸಂತೆಯಲ್ಲಿ ಸಮುದ್ರದ ಮೀನಿಗೆ ಕುಳಿತರು. ಅಕ್ಕನ ಮನೆಯಿಂದ ವಾರಕ್ಕೆರಡು ಬುಟ್ಟಿ ಮಾತ್ರ ತರಿಸುವುದಾಯಿತು. ದಕ್ಕೆಯಲ್ಲಿ ಅವರಿಗೆ ಮೀನು ಕಳಿಸುತ್ತಿದ್ದ ಬ್ಯಾರಿ ಕುಟುಂಬವೊಂದಿತ್ತು, ಹಳೆ ಬಂದರಿನ ಎದುರಿನ ಕಸಬಾ ಬೆಂಗ್ರೆಯವರು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಉದ್ದನೆಯ ಮರಳಿನ ಪಟ್ಟಿ. ದೋಣಿ ಹತ್ತಿ ಹೊಳೆ ದಾಟಿ ಅವರ ಮನೆಗೆ ಹೋಗಬೇಕು. ಅಬ್ಬಾನ ಜೊತೆ ವ್ಯವಹಾರ ಮಾಡುತ್ತಿದ್ದ ಹಿರಿಯರನ್ನು ಅಲ್ಲಿನ ಮಕ್ಕಳ ಹಾಗೆ ನಾನೂ ಕಾಕ ಎಂದೆ.

ಕಾಕನ ಮನೆಯಲ್ಲಿ ಮೊದಲು ಇದ್ದದ್ದು ನಾಡದೋಣಿ. ಅಪ್ಪ, ಇಬ್ಬರು ಮಕ್ಕಳು, ಪಕ್ಕದ ಮನೆಯ ಒಬ್ಬ. ಬೆಳಿಗ್ಗೆ ಹೋದರೆ ಮಧ್ಯಾಹ್ನದೊಳಗೆ ದಡಕ್ಕೆ. ನಾನು ಹೋದ ವರ್ಷ ಆ ದೋಣಿಯನ್ನು ಮಾರಿ, ಸೊಸೆಯಂದಿರ ಚಿನ್ನ ಸೇರಿಸಿ, ಇನ್ನಿಬ್ಬರ ಜೊತೆ ಪಾಲುದಾರಿಕೆಯಲ್ಲಿ ಒಂದು ಟ್ರಾಲ್ ಬೋಟು ಕೊಂಡಿದ್ದರು. ಬ್ಯಾಂಕಿಗೆ ಹೋಗಲು ಕಾಕನಿಗೆ ಮನಸ್ಸಿರಲಿಲ್ಲ. ಬಡ್ಡಿಯ ದುಡ್ಡಿನ ದೋಣಿಯಲ್ಲಿ ಬಂದ ಮೀನಿಗೆ ಬರಕತ್ ಇರುವುದಿಲ್ಲ ಎಂಬ ಮಾತು ಆ ಮನೆಯಲ್ಲಿ ಪದೇ ಪದೇ ಬರುತ್ತಿತ್ತು. ಅಬ್ಬಾ ಅದನ್ನು ಒಪ್ಪಿ, ನಮ್ಮ ದಖನಿಯಲ್ಲಿ ಒಂದು ಮಾತು ಸೇರಿಸಿದರು: "ಕಿಶ್ತಿ ಬಡೀ, ತೋ ಕಿಸ್ತ್ ಭೀ ಬಡೀ." ದೋಣಿ ದೊಡ್ಡದಾದರೆ ಕಂತೂ ದೊಡ್ಡದೇ. ಕಾಕ ನಕ್ಕು, ನಮಗೆ ಕಂತಿಲ್ಲವಲ್ಲ ಎಂದರು. ಅವರಿಗೆ ಕಂತು ಇರಲಿಲ್ಲ, ನಿಜ. ಆದರೆ ಪಾಲುದಾರರಿದ್ದರು.

ನಾಡದೋಣಿಯ ಕಾಲದಲ್ಲಿ ಕಾಕ ಬೆಳಿಗ್ಗೆ ಎದ್ದು, ಗಾಳಿ ನೋಡಿ, ಇವತ್ತು ಬೇಡ ಎಂದರೆ ಬೇಡ. ದೋಣಿ ಮರಳಿನ ಮೇಲೆ ಮಲಗುತ್ತಿತ್ತು. ನಷ್ಟವಾದರೆ ಒಂದು ದಿನದ ಸಾರು. ಟ್ರಾಲ್ ಬೋಟಿಗೆ ಹಾಗೆ ರಜೆ ಹಾಕುವುದು ಕಷ್ಟ. ಡೀಸೆಲ್ ತುಂಬಿಸಿ ಆಗಿದೆ, ಮಂಜುಗಡ್ಡೆ ಹಾಕಿ ಆಗಿದೆ, ಕಲಾಸಿಗಳಿಗೆ ಮುಂಗಡ ಕೊಟ್ಟಾಗಿದೆ, ಮೂವರು ಪಾಲುದಾರರಲ್ಲಿ ಇಬ್ಬರು ಹೋಗಲಿ ಎನ್ನುತ್ತಿದ್ದಾರೆ. ಸಣ್ಣ ದೋಣಿಯವನು ಗಾಳಿಯನ್ನು ಕೇಳುತ್ತಾನೆ, ದೊಡ್ಡ ದೋಣಿಯವನು ಲೆಕ್ಕದ ಪುಸ್ತಕವನ್ನೂ ಕೇಳಬೇಕು. ಸರ್ಕಾರ ಹಾಕಿಕೊಡುವ ರಜೆ ಒಂದಿದೆ: ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನು ಮರಿ ಮಾಡುವ ಕಾಲ. ಆ ರಜೆ ಮೀನಿನ ಸಲುವಾಗಿ.

ಇನ್ನೊಂದು ಬದಲಾವಣೆ ಕಾಕನ ಮೈಮೇಲೆಯೇ ಕಾಣುತ್ತಿತ್ತು. ಬೋಟು ಒಂದೊಂದು ಸಲ ವಾರ, ಹತ್ತು ದಿನ ಕಡಲಲ್ಲೇ ಇರುತ್ತಿತ್ತು. ಅದನ್ನು ನಡೆಸಲು ತಂಡೇಲ ಬೇಕು. ವೈರ್‌ಲೆಸ್ ಗೊತ್ತಿರುವ, ಆಮೇಲೆ ಜಿಪಿಎಸ್ ಗೊತ್ತಿರುವ ತಂಡೇಲ. ನೀರಿನ ಬಣ್ಣ ನೋಡಿ ಬಂಗುಡೆ ಹಿಂಡು ಎಲ್ಲಿದೆ ಎನ್ನುತ್ತಿದ್ದ ಕಾಕ ಈಗ ದಕ್ಕೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಬೋಟು ಬರುವುದನ್ನು ಕಾಯುತ್ತಿದ್ದರು. ದೊಡ್ಡ ಮಗ ಡೀಸೆಲ್, ಮಂಜುಗಡ್ಡೆ, ಏಲಂನ ಲೆಕ್ಕ ನೋಡಿಕೊಂಡ. ಚಿಕ್ಕವನು ಮನೆಯ ಪಾಲಿನ ದುಡ್ಡು ಹೊಂದಿಸಲು ಸೌದಿಗೆ ಹೋದ. ದೋಣಿ ಕೊಂಡ ಮನೆಯ ಮಗ ದೋಣಿ ಹತ್ತದೆ ವಿಮಾನ ಹತ್ತಿದ. ಮನೆಯ ದೋಣಿಯಲ್ಲಿ ಮನೆಯವರು ಒಬ್ಬರೂ ಇರಲಿಲ್ಲ. ಮನೆ ಮಾತ್ರ ಹೆಂಚು ಹೋಗಿ ತಾರಸಿಯಾಗಿತ್ತು. ಉಮ್ಮ, ಅಂದರೆ ಕಾಕನ ತಾಯಿ, ಆ ತಾರಸಿಯ ಕೆಳಗೆ ಸೆಕೆ ಎಂದು ಗೊಣಗುತ್ತಿದ್ದರು. ಅವರು ಹರೆಯದಲ್ಲಿ ಹತ್ತಿ ನೂಲಿನ ಬಲೆ ಹೆಣೆದವರು. ನೈಲಾನ್ ಬಂದಾಗಲೇ ಅವರು ದೋಣಿಯಿಂದ ಇಳಿದಾಗಿತ್ತು. ಯಾವತ್ತೂ ಹತ್ತಿದವರಲ್ಲ, ಆದರೂ ಇಳಿದರು ಎಂದೇ ನನಗೆ ಅನ್ನಿಸುತ್ತದೆ.

ಇದು ಒಂದು ಮನೆಯ ಕಥೆಯಲ್ಲ. ನಮ್ಮ ಕರಾವಳಿಯ ಹಿರಿಯರು ರಂಪಣಿಯನ್ನು ಮರೆತಿಲ್ಲ. ದಡದಿಂದ ದಡಕ್ಕೆ ಅರ್ಧ ಚಂದ್ರದ ಹಾಗೆ ಬಿಟ್ಟು, ಎರಡು ತುದಿಯ ಹಗ್ಗವನ್ನು ಹತ್ತಾರು ಜನ ಸೇರಿ ಎಳೆಯುತ್ತಿದ್ದ ಆ ಬೃಹತ್ ಬಲೆಯಲ್ಲಿ ಹಗ್ಗ ಹಿಡಿದವರಿಗೆ ಪಾಲಿತ್ತು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರುವ ಬಂಗುಡೆ ಹಿಂಡನ್ನು ಕಡಲಲ್ಲೇ ಸುತ್ತುವರಿದು ಎತ್ತತೊಡಗಿದವು. ಜಗಳಗಳಾದವು, ಮೆರವಣಿಗೆಗಳಾದವು. ಕೆಲವೇ ವರ್ಷಗಳಲ್ಲಿ ರಂಪಣಿ ಬಹುತೇಕ ಕಡೆ ಮೂಲೆ ಸೇರಿತು. ಮೀನು ಕಡಿಮೆಯಾಗಲಿಲ್ಲ, ಆ ಹೊತ್ತಿಗೆ ಹೆಚ್ಚೇ ಆಯಿತು. ಹಗ್ಗ ಹಿಡಿಯುವ ಕೈಗಳು ಮಾತ್ರ ಬೇಡವಾದವು. ದೊಡ್ಡ ಬೋಟಿಗೂ ಇನ್ನೂ ದೊಡ್ಡ ಬೋಟು ಇದ್ದೇ ಇರುತ್ತದೆ. ಜೋಡಿ ಬೋಟಿನ ಬುಲ್ ಟ್ರಾಲ್, ರಾತ್ರಿ ಕಣ್ಣು ಕೋರೈಸುವ ದೀಪ ಹಚ್ಚಿ ಮೀನು ಸೆಳೆಯುವುದು, ಇವೆರಡನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಬೇಕಾಯಿತು. ನಿಷೇಧವಾದ ಮೇಲೂ ಬೆಳಕಿನ ಬಗ್ಗೆ ನಾಡದೋಣಿಯವರ ದೂರು ನಿಂತಿಲ್ಲ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿಯೊಂದಿಗೆ ಕಾಣೆಯಾದಾಗ ಕಾಕ ಬದುಕಿದ್ದರು. ಉಡುಪಿ ಮತ್ತು ಉತ್ತರ ಕನ್ನಡದ ಏಳು ಮನೆಗಳು ತಿಂಗಳುಗಟ್ಟಲೆ ಕಾದವು. 2019ರ ಮೇ ತಿಂಗಳಲ್ಲಿ ನೌಕಾಪಡೆಯವರು ಮಹಾರಾಷ್ಟ್ರದ ಮಾಲ್ವಣದ ಬಳಿ ಕಡಲ ತಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿದರು. ನಾನು ಫೋನ್ ಮಾಡಿದಾಗ ಕಾಕ ಬೋಟಿನ ಬಗ್ಗೆ ಹೆಚ್ಚು ಮಾತಾಡಲಿಲ್ಲ. ನಮ್ಮ ನಾಡದೋಣಿಯಿಂದ ನಮ್ಮ ಮನೆಯ ತೆಂಗಿನಮರ ಕಾಣುತ್ತಿತ್ತು ಎಂದರು. ಅಷ್ಟೇ.

ಇದನ್ನೆಲ್ಲ ಬರೆಯುವಾಗ ಒಂದು ಅಪಾಯವಿದೆ. ಸಣ್ಣ ದೋಣಿ ಚೆಂದ, ದೊಡ್ಡ ದೋಣಿ ದುರಾಸೆ ಎಂದು ನಾನು ಹೇಳುತ್ತಿದ್ದೇನೆಂದು ಓದುಗರು ತಿಳಿಯಬಹುದು. ಹಾಗಲ್ಲ. ಫ್ಯಾನಿನ ಕೆಳಗೆ ಕುಳಿತು ಕಥೆ ಬರೆಯುವವನು ಬಡವನಿಗೆ ಹರಿಗೋಲೇ ಲೇಸು ಎನ್ನುವುದಕ್ಕಿಂತ ಅಸಹ್ಯ ಬೇರೆ ಇಲ್ಲ. ತಾನು ಸೈಕಲ್ ಬಿಟ್ಟು ಸ್ಕೂಟರ್, ಸ್ಕೂಟರ್ ಬಿಟ್ಟು ಕಾರು ಕೊಂಡವನು ಬೆಸ್ತರವನ ಫೈಬರ್ ದೋಣಿಯನ್ನು ಕಂಡು ಸಂಸ್ಕೃತಿ ಹಾಳಾಯಿತು ಎಂದು ಮರುಗುವುದನ್ನು ಸಾಹಿತ್ಯದ ಗೋಷ್ಠಿಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ. ಹಿನ್ನೀರಿನಲ್ಲಿ ಆಷಾಢದ ಗಾಳಿ ಹೇಗಿರುತ್ತದೆಂದು ಅವರಿಗೆ ಗೊತ್ತಿಲ್ಲ.

ಅಕ್ಕನಿಗೆ ಗೊತ್ತು. ಅಣ್ಣನಿಗೆ ಎದೆಯ ಕಾಯಿಲೆ ಬಂದು ಮೂಲೆ ಹಿಡಿದ ಮೇಲೆ ಹರಿಗೋಲಿಗೆ ಬಂದದ್ದು ಮಗ. ಅವನು ಬಲೆಗೆ, ಅವಳು ಹುಟ್ಟಿಗೆ. 2021ರ ಆಷಾಢದ ಒಂದು ಸಂಜೆ ಬಲೆ ಬಿಟ್ಟು ಬರುವಾಗ ಗಾಳಿ ಎದ್ದು ಹರಿಗೋಲು ಮಗುಚಿತು. ತಾಯಿ ಮಗ ಇಬ್ಬರೂ ಕವುಚಿದ ಹರಿಗೋಲಿನ ಅಂಚು ಹಿಡಿದುಕೊಂಡು ತೇಲುತ್ತ, ಕತ್ತಲಾದ ಮೇಲೆ ಯಾವುದೋ ಊರಿನ ಹೊಲದ ಬದುವಿಗೆ ಬಂದು ಬಿದ್ದರು. ಬಲೆ ಹೋಯಿತು. ಮರುದಿನವೇ ಮಗ ತೀರ್ಮಾನ ಮಾಡಿದ: ಫೈಬರ್ ದೋಣಿ ತೆಗೆದುಕೊಳ್ಳಬೇಕು, ಉದ್ದನೆಯದು, ನಾಲ್ಕು ಜನ ಕೂರುವಂಥದ್ದು, ಆಮೇಲೆ ಎಂಜಿನ್ ಕೂರಿಸುವಂಥದ್ದು. ದಡದ ಹತ್ತಿರ ಮೀನು ಕಡಿಮೆಯಾಗಿದೆ, ಹಿನ್ನೀರಿನ ಆಳಕ್ಕೆ ಹೋಗಬೇಕು, ಬೆಳಿಗ್ಗೆ ವ್ಯಾನು ಬರುವ ಹೊತ್ತಿಗೆ ದಡಕ್ಕೆ ಬಂದಿರಬೇಕು, ಹುಟ್ಟು ಹಾಕಿಕೊಂಡು ಇದೆಲ್ಲ ಆಗದು. ಅವನ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ.

ಅರ್ಜಿ ಬರೆಯಲು ನನ್ನ ಬಳಿ ಬಂದರು. ಊರಲ್ಲಿ ಕಥೆಗಾರನೆಂದು ನನ್ನನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ, ಅರ್ಜಿ ಬರೆಸಲು ಬರುತ್ತಾರೆ. 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಂಪ್ರದಾಯಿಕ ಮೀನುಗಾರರಿಗೆ ದೋಣಿ, ಬಲೆಗೆ ಸಹಾಯಧನ ಇತ್ತು. ಸಾಮಾನ್ಯ ವರ್ಗದವರಿಗೆ ವೆಚ್ಚದ 40 ಭಾಗ, ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ ನೂರಕ್ಕೆ 60 ಭಾಗ. ಮಗ ಇದನ್ನು ಎಲ್ಲೋ ತಿಳಿದುಕೊಂಡು ಬಂದಿದ್ದ. "ಅವ್ವನ ಹೆಸರಲ್ಲಿ ಹಾಕಣ ಅಣ್ಣ, ಜಾಸ್ತಿ ಬತ್ತದೆ" ಅಂದ. ಉಳಿದ ದುಡ್ಡಿಗೆ ಮಹಿಳಾ ಸ್ವಸಹಾಯ ಸಂಘದ ಸಾಲ, ಅದೂ ಅಕ್ಕನ ಹೆಸರಿನಲ್ಲೇ ಸಿಗುವಂಥದ್ದು. ಸರಿ, ಬರೆಯತೊಡಗಿದೆ. ಹೆಸರು, ಗಂಡನ ಹೆಸರು, ವಯಸ್ಸು, ವಿಳಾಸ. ಉದ್ಯೋಗ ಎಂಬ ಕಲಂ ಬಂತು.

"ಗೃಹಿಣಿ ಅಂತ ಬರೀರಿ" ಅಂದ ಮಗ.

ಅಕ್ಕ ಬಾಗಿಲ ಹತ್ತಿರ ಕುಳಿತಿದ್ದಳು. ನನ್ನ ಹೆಂಡತಿ ಕೊಟ್ಟ ಚಹಾವನ್ನು ಸಾಸರಿಗೆ ಹೊಯ್ದುಕೊಳ್ಳುತ್ತಿದ್ದವಳು ತಲೆ ಎತ್ತಿ, "ಅಂಗಂದ್ರೆ ಏನಪ್ಪ?" ಅಂತ ನನ್ನನ್ನು ಕೇಳಿದಳು. ಮನೆಯಲ್ಲಿರುವವಳು ಎಂದೆ.

"ನಾನು ಯಾವತ್ತು ಮನೇಲಿದ್ದೆ?"

ಮಗನಿಗೆ ಮುಜುಗರವಾಯಿತು. ಅವನು ಕೆಟ್ಟವನಲ್ಲ. ಅವ್ವನಿಗೆ ಅರವತ್ತು ಹತ್ತಿರ ಬಂತು, ನಲವತ್ತು ವರ್ಷ ಚಳಿಯಲ್ಲಿ ಹುಟ್ಟು ಹಾಕಿದ್ದು ಸಾಕು, ಹೊಸ ದೋಣಿಗೆ ಪಕ್ಕದ ಊರಿನ ಹುಡುಗನೊಬ್ಬನನ್ನು ಕೂಲಿಗೆ ಹಾಕಿಕೊಳ್ಳುತ್ತೇನೆ, ಅವ್ವ ಸುಖವಾಗಿ ಇರಲಿ ಎಂದ. ಮುಳುಗಿ ಎದ್ದು ಬಂದ ತಾಯಿಯನ್ನು ಕಂಡ ಮಗ ಬೇರೆ ಏನು ಹೇಳಿಯಾನು? ಆದರೆ ಅಕ್ಕನ ಲೆಕ್ಕ ಬೇರೆಯೇ ಇತ್ತು. ಚಹಾ ಕುಡಿದು ಸಾಸರನ್ನು ಕೆಳಗಿಟ್ಟು ಹೇಳಿದಳು: "ದೋಣಿ ನನ್ ಹೆಸ್ರಲ್ಲಿ. ಸಾಲ ನನ್ ಹೆಸ್ರಲ್ಲಿ. ವಾರ ವಾರ ಕಟ್ಟೋಳು ನಾನು. ಆ ದೋಣೀಲಿ ನಾನು ಎಲ್ಲಿ ಕೂರೋದು ಅಂತ ಇವ್ನು ಹೇಳಿಲ್ಲ."

ಕೂರುವ ಜಾಗದ ಪ್ರಶ್ನೆ ನನಗೆ ಆಗ ಪೂರ್ತಿ ಅರ್ಥವಾದದ್ದು ಅವಳು ಮುಂದೆ ಹೇಳಿದ ಮಾತಿನಿಂದ. ಹರಿಗೋಲು ದಡಕ್ಕೆ ಬಂದಾಗ ಅಲ್ಲಿ ವ್ಯಾಪಾರಿ ಕಾದಿರುತ್ತಾನೆ. ಮೀನು ತೂಗುವುದು ಅಲ್ಲೇ, ದುಡ್ಡು ಎಣಿಸುವುದು ಅಲ್ಲೇ. ಹರಿಗೋಲಿನಿಂದ ಇಳಿದವರ ಕೈಗೆ ದುಡ್ಡು. ಈ ನಲವತ್ತು ವರ್ಷ ಆ ದುಡ್ಡು ಅಕ್ಕನ ಸೆರಗಿನ ಗಂಟಿಗೆ ಹೋಗಿದೆ. ಅಣ್ಣನ ಕೈಗೆ ಹೋಗಿದ್ದರೆ ಅದರಲ್ಲಿ ಅರ್ಧ ಸಾರಾಯಿ ಅಂಗಡಿ ದಾಟಿ ಮನೆಗೆ ಬರುತ್ತಿರಲಿಲ್ಲ ಎಂದು ಅಣ್ಣನ ಎದುರೇ ಹೇಳುತ್ತಿದ್ದಳು, ಅಣ್ಣ ಹಲ್ಲು ಬಿಡುತ್ತಿದ್ದ. ಹರಿಗೋಲಿನ ಕಾಲದಲ್ಲಿ ಅವಳಿಗೆ ಪಾಲು ಎಂದು ಯಾರೂ ಲೆಕ್ಕ ಹಾಕಿಲ್ಲ, ಯಾಕೆಂದರೆ ಎಲ್ಲವೂ ಅವಳ ಗಂಟಿನಲ್ಲೇ ಇತ್ತು. ದೊಡ್ಡ ದೋಣಿ ಬಂದರೆ ಪಾಲಿನ ಲೆಕ್ಕ ಬರುತ್ತದೆ. ದೋಣಿಗೊಂದು ಪಾಲು, ಬಲೆಗೊಂದು ಪಾಲು, ಎಂಜಿನ್ನಿಗೊಂದು ಪಾಲು, ಕೂಲಿಯವನಿಗೊಂದು. ಫೈಬರಿಗೂ ಕಬ್ಬಿಣಕ್ಕೂ ಪಾಲು. ದಡದಲ್ಲಿ ಕುಳಿತ ಅವ್ವನಿಗೆ ಮಗ ಕೊಟ್ಟಷ್ಟು. ಕೊಡುತ್ತಾನೆ, ಅನುಮಾನ ಇಲ್ಲ. ಆದರೆ ಕೈ ಒಡ್ಡಬೇಕು.

ಕಾಗದದ ಮಾತೂ ಒಂದಿದೆ. ಅದೇ ಯೋಜನೆಯ ಅಪಘಾತ ವಿಮೆಯಲ್ಲಿ ಮೀನುಗಾರ ಸತ್ತರೆ 5 ಲಕ್ಷ ರೂಪಾಯಿ ಕುಟುಂಬಕ್ಕೆ ಸಿಗಬೇಕು, ಕೈಕಾಲು ಹೋದರೂ ಪರಿಹಾರ ಇದೆ. ಅದು ಮೀನುಗಾರರೆಂದು ನೋಂದಣಿಯಾದವರಿಗೆ. ಆ ಮನೆಯಲ್ಲಿ ಸಂಘದ ಸದಸ್ಯತ್ವ ಇದ್ದದ್ದು ಎದೆ ಹಿಡಿದು ಮೂಲೆಯಲ್ಲಿ ಮಲಗಿದ್ದ ಅಣ್ಣನಿಗೆ. ಅಂದು ಸಂಜೆ ಅಕ್ಕ ನೀರಿನಲ್ಲೇ ಹೋಗಿದ್ದರೆ ಕಾಗದದ ಪ್ರಕಾರ ಹೋದದ್ದು ಒಬ್ಬ ಗೃಹಿಣಿ, ಯಾವುದೋ ಕೆಲಸಕ್ಕೆ ನೀರಿಗಿಳಿದವಳು. ನಲವತ್ತು ವರ್ಷದ ಮೆಹನತ್ತಿಗೆ ಒಂದು ಕಲಂನಲ್ಲೂ ಜಾಗ ಇರಲಿಲ್ಲ.

ನಮ್ಮ ಕಡೆಯ ಹೆಂಗಸರ ಮಟ್ಟಿಗೆ ಇದು ಹೊಸತಲ್ಲ. ಮಗ್ಗ ಇದ್ದ ಮನೆಯಲ್ಲಿ ನೂಲು ಸುತ್ತಿದವಳು, ಬೀಡಿ ಕಟ್ಟಿದ ಮನೆಯಲ್ಲಿ ಗಂಡನ ಹೆಸರಿನ ಪುಸ್ತಕ ತುಂಬಿಸಿದವಳು, ನನ್ನ ಅಮ್ಮಿಯಂತೆ ಬೆಳಗಿನ ಜಾವ ಎದ್ದು ಮೀನು ಸೀಳಿ ಉಪ್ಪು ಸವರಿಟ್ಟವಳು, ಎಲ್ಲರ ಉದ್ಯೋಗ ಜನಗಣತಿ ಬರೆಯಲು ಬಂದವರ ಎದುರು 'ಏನಿಲ್ಲ'. ಅಬ್ಬಾನ ಉರ್ದು ಲೆಕ್ಕದ ಪುಸ್ತಕ ಈಗಲೂ ನನ್ನ ಬಳಿ ಇದೆ. ಅದರಲ್ಲಿ ಉಪ್ಪಿನ ಖರ್ಚು ಬರೆದಿದೆ, ಉಪ್ಪು ಸವರಿದವಳ ಹೆಸರಿಲ್ಲ.

ಉದ್ಯೋಗದ ಮುಂದೆ 'ಮೀನುಗಾರಿಕೆ' ಎಂದು ಬರೆದೆ. ಅನುಭವ: 40 ವರ್ಷ. ಮಗ ಸುಮ್ಮನಿದ್ದ. ಅರ್ಜಿ ಒಂದು ಸಲ ವಾಪಸು ಬಂತು. ಮಹಿಳೆ ಮೀನು ಹಿಡಿಯುತ್ತಾಳೆ ಎಂಬುದಕ್ಕೆ ದಾಖಲೆ ಏನು ಎಂದು ಕೇಳಿದ್ದರು. ಕೇಳಿದ ಗುಮಾಸ್ತರಿಗೆ ಅದು ಸಹಜ ಪ್ರಶ್ನೆ, ಎಲ್ಲ ಅರ್ಜಿಗೂ ದಾಖಲೆ ಕೇಳುವುದು ಅವರ ಕೆಲಸ. ಅಕ್ಕನನ್ನು ಸಂಘಕ್ಕೆ ಸದಸ್ಯೆ ಮಾಡಿಸಲು ನಾವು ನಾಲ್ಕು ಸಲ ಓಡಾಡಿದೆವು. ಐದನೆಯ ಸಲ ಅವಳೇ ಹೋದಳು, ಬರಿಗೈಯಲ್ಲಲ್ಲ, ಹುಟ್ಟು ಹಿಡಿದುಕೊಂಡು. ಅದನ್ನು ಬಸ್ಸಿನಲ್ಲಿ ಹೇಗೆ ತಂದಳೋ. ಮೇಜಿನ ಮೇಲೆ ಇಟ್ಟು, ಹಿಡಿ ಸವೆದು ಬೆರಳಿನ ಅಚ್ಚು ಬಿದ್ದ ಜಾಗ ತೋರಿಸಿದಳಂತೆ. ಸದಸ್ಯತ್ವ ಆದದ್ದು ಆ ಹುಟ್ಟಿನಿಂದಲೋ ನಾಲ್ಕು ಸಲದ ಓಡಾಟದಿಂದಲೋ ನನಗೆ ಗೊತ್ತಿಲ್ಲ.

ದೋಣಿ ಬಂದದ್ದು 2023ರ ಕೊನೆಗೆ. ನೀಲಿ ಬಣ್ಣದ ಫೈಬರ್, ಚೂಪು ಮೂತಿ. ಬೆನ್ನ ಮೇಲೆ ಹೊತ್ತುಕೊಂಡು ಹೋಗುವ ಮಾತೇ ಇಲ್ಲ, ದಡಕ್ಕೆ ಎಳೆಯಲೂ ನಾಲ್ಕು ಜನ ಬೇಕು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅದನ್ನು ಅಲ್ಲೇ ಕೆಸರಿನಲ್ಲಿ ಬಿಟ್ಟು, ರಾತ್ರಿ ಕಾಯಲು ಒಬ್ಬರು ಮಲಗಬೇಕು. ಇದು ಮಗನಿಗೆ ಮೊದಲು ತಿಳಿದಿರಲಿಲ್ಲ. ಮೀನು ಹೆಚ್ಚಾಗಿದೆಯೇ ಎಂದು ಕೇಳಿದೆ. ಹೆಚ್ಚಾಗಿದೆ, ಪೆಟ್ರೋಲೂ ಹೆಚ್ಚಾಗಿದೆ ಎಂದ. ಗಾಳಿಗೆ ಈಗ ಅಷ್ಟು ಹೆದರಿಕೆ ಇಲ್ಲ ಎಂದ. ಆ ಒಂದು ಮಾತಿಗಾಗಿಯಾದರೂ ಆ ದೋಣಿ ಬಂದದ್ದು ಒಳ್ಳೆಯದಾಯಿತು ಅನ್ನಿಸಿತು ನನಗೆ.

ಅಕ್ಕ ಅದರಲ್ಲಿ ಮೊದಲ ತಿಂಗಳು ಕುಳಿತಳು. ಎಂಜಿನ್ನಿನ ದೋಣಿಗೆ ಹುಟ್ಟು ಹಾಕುವವರು ಬೇಡ, ಬಲೆ ಎತ್ತಲು ಹರೆಯದ ತೋಳು ಬೇಕು. ಸುಮ್ಮನೆ ಕೂರಬೇಕು, ಮೂಟೆಯ ಹಾಗೆ. ಆಮೇಲೆ ಅವಳಾಗಿಯೇ ಬಿಟ್ಟಳು. ಆದರೆ ಬೆಳಿಗ್ಗೆ ವ್ಯಾನು ಬರುವ ಹೊತ್ತಿಗೆ ದಡದಲ್ಲಿ ಇರುತ್ತಾಳೆ. ದೋಣಿಯ ಯಜಮಾನಿ ಎಂದು ತೂಕದ ಮುಂದೆ ನಿಲ್ಲುತ್ತಾಳೆ. ವಾರದ ಕಂತಿನಷ್ಟು ದುಡ್ಡನ್ನು ಅಲ್ಲೇ ಎಣಿಸಿ ತೆಗೆದುಕೊಂಡು ಉಳಿದದ್ದನ್ನು ಮಗನ ಕೈಗೆ ಕೊಡುತ್ತಾಳೆ. ಮಗ ಮೊದಮೊದಲು ಮುಖ ಊದಿಸಿಕೊಂಡ. ಈಗ ಅಭ್ಯಾಸವಾಗಿದೆ.

ಕಳೆದ ಫಾಲ್ಗುಣದಲ್ಲಿ ನಾನು ಹೋದಾಗ ಅವರ ಮನೆಯ ಮುಂದೆ ಡಾಂಬರಿನ ವಾಸನೆ. ಎರಡು ವರ್ಷದಿಂದ ಗೋಡೆಗೆ ಒರಗಿಸಿಟ್ಟಿದ್ದ, ಅಡಿಯಲ್ಲಿ ಕೋಳಿ ಕಾವು ಕೂರುತ್ತಿದ್ದ ಹಳೆಯ ಹರಿಗೋಲನ್ನು ಕವುಚಿ ಹಾಕಿಕೊಂಡು ಅಕ್ಕ ಮತ್ತು ಸೊಸೆ ಬಿಸಿ ಡಾಂಬರು ಸವರುತ್ತಿದ್ದರು. ಮಗ ಮನೆಯಲ್ಲಿರಲಿಲ್ಲ. ದಡದ ಹತ್ತಿರ, ಗಾಳಿ ಇಲ್ಲದ ತಿಂಗಳಲ್ಲಿ, ನಾಲ್ಕು ತುಂಡು ಬಲೆ ಬಿಡಲು ಇದು ಸಾಕು ಎಂದಳು. ಅಲ್ಲಿ ಸಿಗುವ ಜಿಲೇಬಿ ಮೀನಿಗೆ ವ್ಯಾನಿನವನು ಬೆಲೆ ಕೊಡುವುದಿಲ್ಲ, ಊರೊಳಗೆ ಮಾರಿದರೆ ಆಗುತ್ತದೆ. ಹುಟ್ಟು ಯಾರು ಹಾಕುತ್ತೀರಿ ಎಂದು ಕೇಳಿದೆ. ಸೊಸೆಯ ಕಡೆ ಗಲ್ಲ ತಿರುಗಿಸಿದಳು. ಆ ಹುಡುಗಿ ಮಂಡ್ಯ ಕಡೆಯವಳು, ಗದ್ದೆಯ ಮನೆಯವಳು, ಈಜು ಬರುವುದಿಲ್ಲ. ಬೇಸಿಗೆ ಮುಗಿಯುವುದರೊಳಗೆ, ಇಗರ್ಜಿಯ ಹತ್ತಿರ ನೀರು ಎದೆಮಟ್ಟ ಇರುವಾಗಲೇ, ಅದನ್ನು ಮೊದಲು ಕಲಿಸಬೇಕು ಎಂದು ಅಕ್ಕ ಡಾಂಬರಿನ ಡಬ್ಬವನ್ನು ಒಲೆಯ ಮೇಲೆ ಮತ್ತೆ ಇಟ್ಟಳು.